ಬೋರಿನ ನೀರಿನ ವಿಷಕ್ಕೆ ಗುಳಿಗೆಯ ಕಾವಲು ಸಾಕೇ?

(ಬಾನುಲಿ ಭಾಷಣ)



ಫೆಬ್ರವರಿ ಬಂತೆಂದರೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ದಾರಿ ಜನರಿಂದ ತುಂಬುತ್ತದೆ. 1739ರ ಫೆಬ್ರವರಿ 15ರಂದು ಸಂತ ಸೇವಾಲಾಲರು ಹುಟ್ಟಿದ ನೆಲವೆಂದು ಬಂಜಾರರು ನಡೆದುಕೊಳ್ಳುವ ಭಾಯಾಗಡ್ ಇರುವುದು ಅಲ್ಲಿ. ಮಾಲೆ ಧರಿಸಿದ ಭಕ್ತರು ನಾಡಿನ ಮೂಲೆಮೂಲೆಯ ತಾಂಡಾಗಳಿಂದ ಅಲ್ಲಿಗೆ ಬರುತ್ತಾರೆ. ಅಂಥದೇ ಒಂದು ತಾಂಡಾ ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿದೆ. ಅದರ ಹೆಸರು ಕಿರದಳ್ಳಿ ತಾಂಡಾ. ಕರ್ನಾಟಕದಲ್ಲಿ ಲೋಹದ ವಿಷದ ಮಾತು ಬಂದಾಗಲೆಲ್ಲ ಈ ಪುಟ್ಟ ಊರಿನ ಹೆಸರು ಬರುತ್ತದೆ.

ಕಿರದಳ್ಳಿ ತಾಂಡಾಕ್ಕೆ ಹತ್ತಿರದಲ್ಲೇ ಮಂಗಳೂರು ಎಂಬ ಊರಿದೆ. ಇದು ಕರಾವಳಿಯ ಮಂಗಳೂರಲ್ಲ, ಹಳೆಯ ಚಿನ್ನದ ಗಣಿಯಿದ್ದ ಊರು. ಭೂಮಿಯೊಳಗೆ ಚಿನ್ನ ಒಂಟಿಯಾಗಿ ಇರುವುದು ಕಡಿಮೆ. ಅನೇಕ ಕಡೆ ಆರ್ಸೆನೊಪೈರೈಟ್ ಎಂಬ ಖನಿಜ ಅದರ ಜೊತೆಗಿರುತ್ತದೆ. ಅದರಲ್ಲಿ ಕಬ್ಬಿಣ, ಗಂಧಕಗಳ ಸಂಗಡ ಆರ್ಸೆನಿಕ್, ಅಂದರೆ ಹಳಬರು ಪಾಷಾಣ ಎನ್ನುತ್ತಿದ್ದ ವಿಷದ ಮೂಲವಸ್ತು ಸೇರಿದೆ. ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಅವರ ಸಂಗಡಿಗರು ಈ ತಾಂಡಾದ ನೀರು, ಮಣ್ಣು, ಜನರ ಕೂದಲು, ಉಗುರುಗಳನ್ನು ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. 59 ಕೊಳವೆಬಾವಿಗಳ ನೀರಿನ ಮಾದರಿಗಳಲ್ಲಿ ಶೇಕಡ 79ರಲ್ಲಿ ಆರ್ಸೆನಿಕ್ ಪ್ರಮಾಣ ಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ ಅದೇ 10. ಒಂದು ಬೋರಿನಲ್ಲಂತೂ ಅದು 303 ಮೈಕ್ರೋಗ್ರಾಂಗೆ ಏರಿತ್ತು. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗೆ 2000 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಸಿಕ್ಕಿತು. ತಪಾಸಣೆಗೆ ಒಳಗಾದ 181 ಜನರಲ್ಲಿ ಶೇಕಡ 58.6ರಷ್ಟು ಜನರ ಚರ್ಮದ ಮೇಲೆ ಆರ್ಸೆನಿಕ್ಕಿನ ಗುರುತುಗಳಿದ್ದವು.

ಆ ಗುರುತುಗಳು ಮೂಡುವುದು ನಿಧಾನವಾಗಿ. ಎದೆ, ಬೆನ್ನಿನ ಮೇಲೆ ಮಳೆ ಹನಿ ಬಿದ್ದಂಥ ಕಪ್ಪು ಚುಕ್ಕೆ, ಬಿಳಿ ಚುಕ್ಕೆಗಳು ಏಳುತ್ತವೆ. ಅಂಗೈ ಅಂಗಾಲು ದಪ್ಪಗಟ್ಟಿ, ಒರಟಾಗಿ, ಗಂಟುಗಂಟಾಗುತ್ತವೆ. ವರ್ಷಗಳು ಕಳೆದಂತೆ ಕೆಲವರಲ್ಲಿ ಅದು ಚರ್ಮದ ಕ್ಯಾನ್ಸರಿಗೆ ತಿರುಗುತ್ತದೆ. ಮೂತ್ರಕೋಶ, ಶ್ವಾಸಕೋಶಗಳ ಕ್ಯಾನ್ಸರಿನ ಅಪಾಯವೂ ಹೆಚ್ಚುತ್ತದೆ. ಆರ್ಸೆನಿಕ್ ಬೆರೆತ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ವ್ಯತ್ಯಾಸವಿಲ್ಲ. ಆದ್ದರಿಂದ ಕುಡಿಯುವವರಿಗೆ ಅನುಮಾನವೇ ಬರುವುದಿಲ್ಲ.

ನ್ಯಾಮತಿಯ ಕೇಳುಗರಿಗೆ ಇದು ದೂರದ ಸುದ್ದಿಯಾಗಿ ಉಳಿಯಬಾರದು. ಈ ಸೀಮೆಯ ನೆಲದಲ್ಲೂ ಚಿನ್ನದ ಎಳೆಗಳಿವೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1882ರಲ್ಲಿ ಮೈಸೂರು ಸಂಸ್ಥಾನದ ಚಿನ್ನದ ನೆಲಗಳ ಬಗ್ಗೆ ಬರೆದಾಗ ಹೊನ್ನಾಳಿ ಸೀಮೆಯನ್ನೂ ಸೇರಿಸಿದ್ದರು. ಕುದುರೆಕೊಂಡ, ಪಾಲವನಹಳ್ಳಿಗಳ ಹೆಸರು ಹಳೆಯ ಗಣಿಗಾರಿಕೆಯ ದಾಖಲೆಗಳಲ್ಲಿ ಬರುತ್ತದೆ. ಇದರಿಂದ ಇಲ್ಲಿನ ಬೋರುಗಳಲ್ಲಿ ವಿಷವಿದೆ ಎಂದು ತೀರ್ಮಾನಿಸುವಂತಿಲ್ಲ. ಒಂದೊಂದು ಬೋರಿನ ನೀರಿನ ಗುಣ ಅದು ಮುಟ್ಟಿದ ಬಂಡೆಯನ್ನು ಅವಲಂಬಿಸಿರುತ್ತದೆ, ಪರೀಕ್ಷೆ ಮಾಡಿಸದೆ ಅದು ತಿಳಿಯುವುದಿಲ್ಲ ಎಂಬುದಷ್ಟೇ ಇಲ್ಲಿ ಹೇಳಬೇಕಾದ ಮಾತು. ಇದೇ ಜಿಲ್ಲೆಯ ಜಗಳೂರು ತಾಲ್ಲೂಕಿನ ಜನ ಫ್ಲೋರೈಡಿನ ವಿಷಯದಲ್ಲಿ ಇದೇ ಪಾಠವನ್ನು ಮೂಳೆ, ಹಲ್ಲುಗಳ ನೋವಿನಿಂದ ಕಲಿತಿದ್ದಾರೆ.

ಈಗ ಗುಳಿಗೆಯ ಮಾತಿಗೆ ಬರೋಣ. ಮೆಡಿಕಲ್ ಶಾಪುಗಳಲ್ಲಿ, ಟಿವಿ ಜಾಹೀರಾತುಗಳಲ್ಲಿ, ಮೊಬೈಲಿಗೆ ಬರುವ ವಿಡಿಯೋಗಳಲ್ಲಿ ಆಂಟಿಆಕ್ಸಿಡೆಂಟ್ ಎಂಬ ಮಾತು ದಿನವೂ ಕಿವಿಗೆ ಬೀಳುತ್ತದೆ. ವಿಟಮಿನ್ ಸಿ, ವಿಟಮಿನ್ ಇ, ಸೆಲೆನಿಯಂ, ಆಲ್ಫಾ ಲಿಪೋಯಿಕ್ ಆಮ್ಲ, ಅರಿಸಿನದ ಸತ್ವ, ಗ್ಲುಟಾಥಯೋನ್ ಹೀಗೆ ಪಟ್ಟಿ ಉದ್ದವಿದೆ. ಇವು ಸೀಸ, ಪಾದರಸ, ಆರ್ಸೆನಿಕ್‌ಗಳನ್ನು ದೇಹದಿಂದ ತೊಳೆದು ಹಾಕುತ್ತವೆ ಎಂದು ಮಾರುವವರಿದ್ದಾರೆ. ಈ ಮಾತಿನಲ್ಲಿ ನಿಜವೆಷ್ಟು ಎಂದು ಅಳೆಯಲು ಲೋಹಗಳು ದೇಹದಲ್ಲಿ ಮಾಡುವ ಕೆಲಸವನ್ನು ತಿಳಿಯಬೇಕು.

ನಮ್ಮ ಜೀವಕೋಶಗಳಲ್ಲಿ ಗಂಧಕ ಇರುವ ಪ್ರೋಟೀನುಗಳು ಬಹಳ. ಸೀಸ, ಪಾದರಸ, ಕ್ಯಾಡ್ಮಿಯಂ, ಆರ್ಸೆನಿಕ್ ಈ ನಾಲ್ಕಕ್ಕೂ ಗಂಧಕವೆಂದರೆ ಬಿಡಲಾರದ ಸೆಳೆತ. ಅವು ಹೋಗಿ ಅದಕ್ಕೆ ಅಂಟಿಕೊಂಡರೆ ಆ ಪ್ರೋಟೀನು ತನ್ನ ಕೆಲಸ ನಿಲ್ಲಿಸುತ್ತದೆ. ದೇಹವೇ ತಯಾರಿಸುವ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತುವಿನಲ್ಲೂ ಗಂಧಕವಿದೆ. ಲೋಹ ಅದನ್ನೂ ಕಬಳಿಸಿ ಖಾಲಿ ಮಾಡುತ್ತದೆ. ರಕ್ಷಣೆ ಕುಂದಿದಾಗ ಆಮ್ಲಜನಕದ ಚುರುಕು ಕಣಗಳು ಹೆಚ್ಚಿ ಜೀವಕೋಶದ ಪೊರೆ, ವಂಶವಾಹಿಗಳನ್ನು ಹಾಳುಮಾಡುತ್ತವೆ. ಆಂಟಿಆಕ್ಸಿಡೆಂಟುಗಳು ಈ ಚುರುಕು ಕಣಗಳನ್ನು ತಣಿಸಬಲ್ಲವು. ಇಲ್ಲಿಯವರೆಗಿನ ವಿಜ್ಞಾನ ಸರಿಯಾಗಿಯೇ ಇದೆ. ಗ್ವಾಲಿಯರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ಎಸ್. ಜೆ. ಎಸ್. ಫ್ಲೋರಾ ಮತ್ತು ಸಂಗಡಿಗರು ಇಲಿಗಳ ಮೇಲೆ ವರ್ಷಾನುಗಟ್ಟಲೆ ಪ್ರಯೋಗ ನಡೆಸಿ, ಲೋಹ ಹೊರಹಾಕುವ ಔಷಧದ ಜೊತೆ ಇಂಥ ವಸ್ತುಗಳನ್ನು ಕೊಟ್ಟರೆ ಹಾನಿ ಕಡಿಮೆಯಾಗುವುದನ್ನು ತೋರಿಸಿದರು.

ಆದರೆ ಹಾನಿ ತಣಿಸುವುದು ಬೇರೆ, ವಿಷ ಹೊರಹಾಕುವುದು ಬೇರೆ. ಎರಡನೆಯದಕ್ಕೆ ವೈದ್ಯರು ಬಳಸುವ ಔಷಧಗಳೇ ಬೇರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಆಕ್ಸ್‌ಫರ್ಡಿನ ರುಡಾಲ್ಫ್ ಪೀಟರ್ಸ್ ತಂಡ ಲೂಯಿಸೈಟ್ ಎಂಬ ಆರ್ಸೆನಿಕ್ ವಿಷಾನಿಲಕ್ಕೆ ಮದ್ದು ಹುಡುಕುತ್ತಿತ್ತು. ಗಂಧಕದ ಎರಡು ಕೊಂಡಿಗಳಿರುವ ಒಂದು ವಸ್ತುವನ್ನು ಅವರು ರೂಪಿಸಿದರು. ಆರ್ಸೆನಿಕ್ ದೇಹದ ಪ್ರೋಟೀನನ್ನು ಬಿಟ್ಟು ಆ ಕೊಂಡಿಗಳಿಗೆ ಸಿಕ್ಕಿಕೊಂಡು ಮೂತ್ರದಲ್ಲಿ ಹೊರಹೋಗುತ್ತದೆ. ಅದೇ ಬಿಎಎಲ್, ಇಲ್ಲವೇ ಡೈಮರ್ಕಪ್ರಾಲ್. ಕಡಲೆಕಾಯಿ ಎಣ್ಣೆಯಲ್ಲಿ ಕರಗಿಸಿ ಮಾಂಸಖಂಡಕ್ಕೆ ಕೊಡುವ, ಬಹಳ ನೋಯುವ ಚುಚ್ಚುಮದ್ದು ಅದು. ನಂತರ ಬಾಯಲ್ಲಿ ಕೊಡಬಹುದಾದ ಡಿಎಂಎಸ್‌ಎ ಬಂತು. ಅಮೆರಿಕ 1991ರಲ್ಲಿ ಅದನ್ನು ರಕ್ತದಲ್ಲಿ ಸೀಸ ಬಹಳ ಏರಿದ ಮಕ್ಕಳಿಗಾಗಿ ಒಪ್ಪಿತು. ಇವೆಲ್ಲ ರಕ್ತಪರೀಕ್ಷೆ ಮಾಡಿಸಿ, ಮೂತ್ರಪಿಂಡ, ಯಕೃತ್ತುಗಳನ್ನು ಗಮನಿಸುತ್ತ ವೈದ್ಯರು ಕೊಡಬೇಕಾದ ಔಷಧಗಳು. ಅಂಗಡಿಯ ಪುಷ್ಟಿ ಮಾತ್ರೆ ಇವುಗಳ ಜಾಗ ತುಂಬುವುದಿಲ್ಲ.

ಮನುಷ್ಯರ ಮೇಲೆ ಆಂಟಿಆಕ್ಸಿಡೆಂಟ್ ಗುಳಿಗೆಗಳನ್ನು ಪರೀಕ್ಷಿಸಿದಾಗ ಏನಾಯಿತು? 1999ರಲ್ಲಿ ಅಮೆರಿಕದಲ್ಲಿ 75 ಮಂದಿ ಸಿಗರೇಟು ಸೇದುವ ಗಂಡಸರ ಮೇಲೆ ಒಂದು ಅಧ್ಯಯನ ಪ್ರಕಟವಾಯಿತು. ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ ತೆಗೆದುಕೊಂಡವರಲ್ಲಿ ಒಂದೇ ವಾರಕ್ಕೆ ರಕ್ತದ ಸೀಸ ಶೇಕಡ 81ರಷ್ಟು ಇಳಿಯಿತೆಂದು ಅದು ಹೇಳಿತು. 200 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಏನೂ ಬದಲಾಗಲಿಲ್ಲ. ವಿಡಿಯೋಗಳಲ್ಲಿ ಉಲ್ಲೇಖವಾಗುವುದು ಈ 81ರ ಅಂಕಿಯೇ. ಆದರೆ ಇವರೆಲ್ಲ ಸೀಸದ ಕಾರ್ಖಾನೆಯಲ್ಲಿ ದುಡಿಯುವವರಲ್ಲ, ಇವರ ರಕ್ತದಲ್ಲಿ ಮೊದಲೇ ಇದ್ದ ಸೀಸವೂ ಅಲ್ಪ. ನಿತ್ಯ ಸೀಸದ ಧೂಳು ಕುಡಿಯುವ ಕಾರ್ಮಿಕರಿಗೆ ವಿಟಮಿನ್ ಸಿ, ಸತು ಕೊಟ್ಟು ನೋಡಿದ 1983ರ ಅಧ್ಯಯನದಲ್ಲಿ ರಕ್ತದ ಸೀಸ ಇಳಿಯಲಿಲ್ಲ.

ಆರ್ಸೆನಿಕ್ಕಿನ ಪ್ರಯೋಗಗಳಿಗೆ ಬಾಂಗ್ಲಾದೇಶ ದೊಡ್ಡ ಕಣವಾಯಿತು. ಅಲ್ಲಿ ಕೊಳವೆಬಾವಿಗಳ ನೀರಿನಿಂದ ಕೋಟಿಗಟ್ಟಲೆ ಜನರಿಗೆ ಆರ್ಸೆನಿಕ್ ತಗುಲಿದೆ. ಚರ್ಮದ ಗುರುತಿದ್ದ 121 ಮಂದಿಗೆ ಆರು ತಿಂಗಳು ವಿಟಮಿನ್ ಇ, ಸೆಲೆನಿಯಂ ಕೊಟ್ಟು 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ವಲ್ಪ ಸುಧಾರಣೆ ಕಂಡಿತು, ಆದರೆ ಅದು ಗುಳಿಗೆಯಿಂದಲೇ ಆಯಿತೆಂದು ಖಚಿತವಾಗಿ ಹೇಳುವಷ್ಟು ಇರಲಿಲ್ಲ. ಸ್ಪಿರುಲಿನ ಪಾಚಿಯ ಸತ್ವ ಮತ್ತು ಸತುವನ್ನು 16 ವಾರ ಕೊಟ್ಟ 2006ರ ಪ್ರಯೋಗದಲ್ಲಿ ಅಂಗೈ ಗಂಟುಗಳು ಮೆತ್ತಗಾದವು. ಅದು ಭರವಸೆಯ ಸುದ್ದಿ, ಆದರೆ ಅದರಲ್ಲಿದ್ದ ರೋಗಿಗಳು 41 ಮಂದಿ ಮಾತ್ರ. ಇನ್ನೂ ಸ್ಪಷ್ಟ ಫಲ ಕೊಟ್ಟದ್ದು ಆಂಟಿಆಕ್ಸಿಡೆಂಟ್ ಎಂದು ಯಾರೂ ಕರೆಯದ ಫೋಲಿಕ್ ಆಮ್ಲ. ಅದರ ಕೊರತೆಯಿದ್ದವರಿಗೆ ದಿನಕ್ಕೆ 400 ಮೈಕ್ರೋಗ್ರಾಂನಂತೆ 12 ವಾರ ಕೊಟ್ಟಾಗ ರಕ್ತದ ಆರ್ಸೆನಿಕ್ ಸರಾಸರಿ ಶೇಕಡ 14ರಷ್ಟು ತಗ್ಗಿತು. ಆರ್ಸೆನಿಕ್ಕಿನ ರೂಪ ಬದಲಿಸಿ ಮೂತ್ರಕ್ಕೆ ಸಾಗಿಸುವ ಕೆಲಸಕ್ಕೆ ದೇಹಕ್ಕೆ ಫೋಲಿಕ್ ಆಮ್ಲದ ನೆರವು ಬೇಕು.

ಇವೆಲ್ಲಕ್ಕಿಂತ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಪ್ರಯೋಗ ಕೋಲ್ಕತ್ತದ್ದು. ವೈದ್ಯ ಗುಹ ಮಜುಂದಾರ್ ಅವರ ತಂಡ ಆರ್ಸೆನಿಕ್ ರೋಗಿಗಳಾದ 21 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಡಿಎಂಎಸ್‌ಎ, ಇನ್ನೊಂದಕ್ಕೆ ಔಷಧವಿಲ್ಲದ ಬರಿಯ ಗುಳಿಗೆ ಕೊಟ್ಟಿತು. 1998ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಔಷಧದ ಗುಂಪಿಗೂ ಬರಿಯ ಗುಳಿಗೆಯ ಗುಂಪಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡು ಗುಂಪಿನವರೂ ಚೇತರಿಸಿಕೊಂಡಿದ್ದರು. ಎರಡು ಗುಂಪಿಗೂ ಸಮಾನವಾಗಿ ಸಿಕ್ಕಿದ್ದು ಆರ್ಸೆನಿಕ್ ಇಲ್ಲದ ನೀರು, ಹೊಟ್ಟೆ ತುಂಬ ಒಳ್ಳೆಯ ಊಟ.

ಸೀಸದ ಕಥೆಯೂ ಅದನ್ನೇ ಹೇಳುತ್ತದೆ. ಅಮೆರಿಕದಲ್ಲಿ 780 ಪುಟ್ಟ ಮಕ್ಕಳಿಗೆ ಡಿಎಂಎಸ್‌ಎ ಅಥವಾ ಬರಿಯ ಗುಳಿಗೆ ಕೊಟ್ಟು ನಡೆಸಿದ ದೊಡ್ಡ ಪ್ರಯೋಗ 2001ರಲ್ಲಿ ಪ್ರಕಟವಾಯಿತು. ಔಷಧ ಪಡೆದ ಮಕ್ಕಳ ರಕ್ತದ ಸೀಸವೇನೋ ಇಳಿಯಿತು. ಆದರೆ ಬುದ್ಧಿ, ನಡವಳಿಕೆಗಳ ಪರೀಕ್ಷೆಯಲ್ಲಿ ಅವರು ಉಳಿದ ಮಕ್ಕಳಿಗಿಂತ ಮುಂದೆ ಬರಲಿಲ್ಲ. ಎಳೆ ಮಿದುಳಿಗೆ ಒಮ್ಮೆ ಆದ ಗಾಯವನ್ನು ರಕ್ತ ಶುದ್ಧಿಯಿಂದ ಅಳಿಸಲಾಗಲಿಲ್ಲ. ಸೀಸದ ವಿಷಯದಲ್ಲಿ ಮೊದಲೇ ತಡೆಯುವುದನ್ನು ಬಿಟ್ಟು ಬೇರೆ ದಾರಿಯಿಲ್ಲವೆಂದು ಲೋಕದ ವೈದ್ಯರು ಒತ್ತಿ ಹೇಳುವುದು ಇದರಿಂದಲೇ.

ದನ ನುಗ್ಗುವ ಕಂಡಿಯನ್ನು ಹಾಗೇ ಬಿಟ್ಟು, ತಿಂದ ಪೈರಿನ ಜಾಗದಲ್ಲಿ ಮತ್ತೆ ಮತ್ತೆ ಬಿತ್ತುವ ರೈತನಿಲ್ಲ. ವಿಷದ ನೀರು ಕುಡಿಯುತ್ತ ಗುಳಿಗೆ ನುಂಗುವುದು ಅಂಥ ಬಿತ್ತನೆ.

ಗುಳಿಗೆಯಿಂದ ಲಾಭವಿಲ್ಲದಿದ್ದರೂ ನಷ್ಟವೇನು ಎಂದು ಕೇಳುವವರಿದ್ದಾರೆ. ನಷ್ಟವಿದೆ. ಫಿನ್‌ಲೆಂಡಿನಲ್ಲಿ ಧೂಮಪಾನಿಗಳಾದ 29,133 ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂದಾಗ ವೈದ್ಯಲೋಕ ಬೆಚ್ಚಿತು. ಬೀಟಾ ಕ್ಯಾರೋಟಿನ್ ಎಂಬ ಆಂಟಿಆಕ್ಸಿಡೆಂಟ್ ಗುಳಿಗೆ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಾಗಿತ್ತು. ವಿಟಮಿನ್ ಇ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡ 17ರಷ್ಟು ಏರಿದ್ದನ್ನು ಅಮೆರಿಕದ ಇನ್ನೊಂದು ಅಧ್ಯಯನ 2011ರಲ್ಲಿ ತೋರಿಸಿತು. ಸೆಲೆನಿಯಂ ಸ್ವಲ್ಪ ಇದ್ದರೆ ಅಗತ್ಯ, ಮಿತಿಮೀರಿದರೆ ಅದೇ ವಿಷ: ಕೂದಲು ಉದುರುತ್ತದೆ, ಉಗುರು ಕಳಚುತ್ತದೆ. ಪಂಜಾಬಿನ ನವಾಂಶಹರ್, ಹೋಶಿಯಾರ್‌ಪುರ ಕಡೆ ಮಣ್ಣಿನಲ್ಲೇ ಸೆಲೆನಿಯಂ ಹೆಚ್ಚಿರುವ ಹಳ್ಳಿಗಳಲ್ಲಿ ದನಕರುಗಳ ಗೊರಸು ಹಾಳಾಗಿದ್ದೂ ಉಂಟು.

ಇನ್ನೊಂದು ಅಪಾಯ ಗುಳಿಗೆಯ ಒಳಗೇ ಇರಬಹುದು. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಿನ ಅಂಗಡಿಗಳಲ್ಲಿ ಕೊಂಡ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಅರಿಸಿನದ ಉದಾಹರಣೆ ಇನ್ನೂ ಕಣ್ಣು ತೆರೆಸುವಂಥದು. ಅರಿಸಿನ ಒಳ್ಳೆಯ ಆಂಟಿಆಕ್ಸಿಡೆಂಟ್ ಎಂದೇ ಹೆಸರಾಗಿದೆ. ಆದರೆ ಬಾಂಗ್ಲಾದೇಶದಲ್ಲಿ ಕೊಂಬಿನ ಬಣ್ಣ ಹೊಳೆಯಲೆಂದು ಸೀಸದ ಕ್ರೋಮೇಟ್ ಎಂಬ ಹಳದಿ ಪುಡಿಯನ್ನು ಬೆರೆಸುತ್ತಿದ್ದರು. ಮೈಗೆ ಒಳ್ಳೆಯದೆಂದು ತಿನ್ನುವ ಅರಿಸಿನವೇ ಸೀಸವನ್ನು ಹೊತ್ತು ಬರುತ್ತಿತ್ತು. ಅಲ್ಲಿನ ಸರ್ಕಾರ, ಸಂಶೋಧಕರು ಸೇರಿ ಮಾರುಕಟ್ಟೆಗಳಲ್ಲಿ ತಪಾಸಣೆ, ದಂಡ, ಪ್ರಚಾರ ನಡೆಸಿದ ಮೇಲೆ 2019ರಲ್ಲಿ ಶೇಕಡ 47 ಮಾದರಿಗಳಲ್ಲಿದ್ದ ಕಲಬೆರಕೆ 2021ರ ಹೊತ್ತಿಗೆ ಕಾಣದಾಯಿತು. ಅಲ್ಲಿ ಯಾರೂ ಜನರಿಗೆ ಗುಳಿಗೆ ಹಂಚಲಿಲ್ಲ. ಮೂಲವನ್ನು ಮುಚ್ಚಿದರು.

ನಮ್ಮಲ್ಲೂ ಮೂಲ ಮುಚ್ಚಿದ ಉದಾಹರಣೆ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಷನ್ ಜೊತೆ ಸೇರಿ ದೇಶದ ದೊಡ್ಡ ನಗರಗಳ ಸಾವಿರಾರು ಮಕ್ಕಳ ರಕ್ತ ಪರೀಕ್ಷಿಸಿದರು. ಸುಮಾರು ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಆಗಿನ ಮಿತಿ ಮೀರಿದ ಸೀಸ ಕಂಡಿತು. ಪೆಟ್ರೋಲಿಗೆ ಸೀಸ ಬೆರೆಸುವುದು ದೇಶದಲ್ಲಿ 2000ದಲ್ಲಿ ನಿಂತಿತು. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಹಾಗಿದ್ದೂ ಕೆಲಸ ಮುಗಿದಿಲ್ಲ. 2020ರ ಯುನಿಸೆಫ್ ವರದಿ ಭಾರತದಲ್ಲಿ ಸುಮಾರು 27 ಕೋಟಿ ಮಕ್ಕಳ ರಕ್ತದಲ್ಲಿ ಚಿಂತೆ ಪಡಬೇಕಾದಷ್ಟು ಸೀಸವಿದೆಯೆಂದು ಅಂದಾಜು ಮಾಡಿತು. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವುದು ಇದರ ಒಂದು ದೊಡ್ಡ ಕಾರಣ. ಟ್ರ್ಯಾಕ್ಟರ್, ಇನ್ವರ್ಟರ್‌ಗಳ ಹಳೆ ಬ್ಯಾಟರಿ ಹಳ್ಳಿಯ ಮನೆಗಳಲ್ಲೂ ಇವೆ. ಅವನ್ನು ಅಂಗಳದಲ್ಲಿ ಒಡೆಯದೆ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಹೊಸದು ಕೊಳ್ಳುವಾಗ ಡೀಲರಿಗೇ ಹಿಂದಿರುಗಿಸಬೇಕು.

ಹೊನ್ನಾಳಿ, ಚನ್ನಗಿರಿ, ನ್ಯಾಮತಿಯ ಅಡಿಕೆ ಬೆಳೆಗಾರರಿಗೆ ಕೈಯಲ್ಲೇ ಇರುವ ಲೋಹ ತಾಮ್ರ. ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸೂಚಿಸಿದಂದಿನಿಂದ ಮೈಲುತುತ್ತ ತೋಟದ ಮನೆಗಳ ಸಾಮಾನಾಗಿದೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸಿಂಪಡಣೆಗೆ ಅದು ಒಳ್ಳೆಯದೇ, ಆದರೆ ಹೊಟ್ಟೆಗೆ ಹೋದರೆ ವಾಂತಿ ಹಸಿರು ನೀಲಿಯಾಗುತ್ತದೆ, ಕೆಂಪು ರಕ್ತಕಣಗಳು ಒಡೆಯುತ್ತವೆ, ಮೂತ್ರಪಿಂಡ ಕೆಡುತ್ತದೆ. ಆಗ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವಿಟಮಿನ್ ಸಿ ಕೊಟ್ಟರೆ ಸರಿಹೋಗುತ್ತದೆಂದು ಮನೆಯಲ್ಲಿ ಕಾಯುವಂತಿಲ್ಲ. ತಾಮ್ರದ ಜೊತೆ ಸೇರಿದ ವಿಟಮಿನ್ ಸಿ ಪ್ರಯೋಗಾಲಯದ ನಳಿಕೆಯಲ್ಲಿ ಆಮ್ಲಜನಕದ ಚುರುಕು ಕಣಗಳನ್ನು ಹೆಚ್ಚಿಸುವುದೂ ಗೊತ್ತಿರುವ ಸಂಗತಿ.

ಹಾಗಾದರೆ ಊಟಕ್ಕೆ, ಪೋಷಣೆಗೆ ಜಾಗವೇ ಇಲ್ಲವೇ? ದೊಡ್ಡ ಜಾಗವಿದೆ. ಕಬ್ಬಿಣ, ಸುಣ್ಣದ ಅಂಶ ಕಡಿಮೆಯಿರುವ ದೇಹ ಸೀಸವನ್ನು ಹೆಚ್ಚು ಹೀರುತ್ತದೆ. ಕಬ್ಬಿಣ ಕಡಿಮೆಯಾದವರ ಕರುಳು ಕ್ಯಾಡ್ಮಿಯಮ್ಮನ್ನೂ ಹೆಚ್ಚು ಒಳಬಿಡುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರ ಕರುಳು ಹತ್ತರಲ್ಲೊಂದು ಪಾಲು ಹೀರಿದರೆ ಪುಟ್ಟ ಮಕ್ಕಳ ಕರುಳು ಅರ್ಧದವರೆಗೂ ಹೀರಬಲ್ಲದು. ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸವಿದ್ದು ಊಟದಲ್ಲಿ ಕೊರತೆಯಿರುವ ಹತ್ತು ವರ್ಷದೊಳಗಿನ ಮಕ್ಕಳಿಗೆ ಕ್ಯಾಲ್ಸಿಯಂ, ಕಬ್ಬಿಣ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದರ ಮೊದಲ ಸಲಹೆ ಮಾತ್ರ ಸೀಸ ಬರುವ ಮೂಲವನ್ನು ಹುಡುಕಿ ನಿಲ್ಲಿಸುವುದು.

ನ್ಯಾಮತಿಯ ಅಡುಗೆಮನೆಗೆ ಇದು ಕಷ್ಟದ ಕೆಲಸವಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆಯ ಜೊತೆ ನುಗ್ಗೆಸೊಪ್ಪಿನ ಸಾರು, ರೊಟ್ಟಿಯ ಜೊತೆ ಕಾಳುಪಲ್ಯ, ಒಂದು ಲೋಟ ಮಜ್ಜಿಗೆ, ಊಟದ ಸಂಗಡ ಸೀಬೆಹಣ್ಣೋ ನೆಲ್ಲಿಕಾಯಿಯೋ ಇದ್ದರೆ ಅದರ ವಿಟಮಿನ್ ಸಿ ಕಾಳು ಸೊಪ್ಪಿನ ಕಬ್ಬಿಣವನ್ನು ದೇಹಕ್ಕೆ ದೊರಕಿಸುತ್ತದೆ. ಶಾಲೆಯಲ್ಲಿ ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಕೊಡುವ ಗುಲಾಬಿ ಮಾತ್ರೆ, ಹದಿಹರೆಯದವರಿಗೆ ವಾರಕ್ಕೊಂದು ಕೊಡುವ ನೀಲಿ ಮಾತ್ರೆ, ಬಸುರಿಯರಿಗೆ ಕೊಡುವ ಕೆಂಪು ಮಾತ್ರೆ ಇವು ಮೂರರಲ್ಲೂ ಕಬ್ಬಿಣ ಮತ್ತು ಫೋಲಿಕ್ ಆಮ್ಲವಿದೆ. ಬೆಲೆಯಿಲ್ಲದೆ ಸಿಗುವ ಈ ಮಾತ್ರೆಗಳನ್ನು ಎಷ್ಟೋ ಮನೆಗಳಲ್ಲಿ ಗೂಡಿನಲ್ಲೇ ಬಿಡುತ್ತಾರೆ. ಸಾವಿರಾರು ರೂಪಾಯಿಯ ಡಬ್ಬಿ ಕೊಳ್ಳುವ ಮೊದಲು ಇವನ್ನು ತಪ್ಪದೆ ನುಂಗಲಿ.

ನೀರಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ಕಾಯಿಸಿದರೆ ಎಲ್ಲ ಸರಿಹೋಗುತ್ತದೆಂದು ಜನ ನಂಬುತ್ತಾರೆ. ಕುದಿಸಿದರೆ ರೋಗಾಣು ಸಾಯುತ್ತವೆ ನಿಜ, ಆದರೆ ಆರ್ಸೆನಿಕ್, ಸೀಸ, ಫ್ಲೋರೈಡ್ ಆವಿಯಾಗಿ ಹೋಗುವುದಿಲ್ಲ. ನೀರು ಇಂಗಿದಷ್ಟೂ ಉಳಿದ ನೀರಿನಲ್ಲಿ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ ಪ್ರಯೋಜನವಿಲ್ಲ. ಸರಿಯಾಗಿ ನಿರ್ವಹಿಸುವ ಆರ್‌ಒ ಘಟಕ ಆರ್ಸೆನಿಕ್ಕನ್ನು ಬಹಳಮಟ್ಟಿಗೆ ತೆಗೆಯಬಲ್ಲದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಪೊರೆಯನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದಾರೆಯೇ ಎಂದು ಕೇಳುವ ಹಕ್ಕು ಪ್ರತಿ ಮನೆಗೂ ಇದೆ.

ಹಳ್ಳಿಗಳಲ್ಲಿ ಕೈಪೆಟ್ಟಿಗೆಯ ಕಿಟ್ ಹಿಡಿದು ಮಾಡುವ ಸಾಮಾನ್ಯ ನೀರಿನ ಪರೀಕ್ಷೆ ಗಡಸುತನ, ಫ್ಲೋರೈಡ್, ನೈಟ್ರೇಟ್‌ಗಳಂಥವನ್ನು ನೋಡುತ್ತದೆ. ಆರ್ಸೆನಿಕ್, ಸೀಸ ಬೇಕಿದ್ದರೆ ಹೆಸರು ಹೇಳಿ ಕೇಳಬೇಕು, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ವೈದ್ಯರ ಬಳಿ ಹೋದಾಗಲೂ ಅಷ್ಟೆ. ಕೈಕಾಲು ಜೋಮು, ಅಂಗೈ ಗಂಟು, ಮೈಮೇಲೆ ಚುಕ್ಕೆ, ಮಗುವಿಗೆ ಬಿಡದ ಹೊಟ್ಟೆನೋವು, ರಕ್ತಹೀನತೆ ಇದ್ದರೆ ಕುಡಿಯುವ ನೀರು ಯಾವ ಬೋರಿನದು, ಮನೆಯಲ್ಲಿ ಬ್ಯಾಟರಿ, ಪೇಂಟು, ಕಲಾಯಿ ಕೆಲಸ ಮಾಡುವವರಿದ್ದಾರೆಯೇ, ಯಾವ ಚೂರ್ಣ, ಭಸ್ಮ, ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ ಎಂಬುದನ್ನು ಮುಚ್ಚಿಡದೆ ಹೇಳಬೇಕು. ವೈದ್ಯರು ಸರಿಯಾದ ರಕ್ತ, ಮೂತ್ರ ಪರೀಕ್ಷೆ ಬರೆದುಕೊಡಲು ಈ ಮಾಹಿತಿಯೇ ಆಧಾರ.

ನ್ಯಾಮತಿ 2018ರಲ್ಲಿ ತಾಲ್ಲೂಕಾಯಿತು. ಬೇಸಿಗೆ ಬಿರುಸಾದ ವರ್ಷಗಳಲ್ಲಿ ಬೋರು ಕೊರೆಯುವ ಲಾರಿಗಳು ಹಿಂದಿಗಿಂತ ಆಳಕ್ಕೆ ಇಳಿಯುತ್ತವೆ, ಹೊಸ ಬಂಡೆಗಳ ನೀರು ಮೇಲೆ ಬರುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಒಂದು ನಿರ್ಣಯ ಬರೆಸಿ: ಕುಡಿಯುವ ನೀರಿಗೆಂದು ಕೊರೆದ ಯಾವ ಬೋರಿಗೂ ಆರ್ಸೆನಿಕ್, ಸೀಸ, ಫ್ಲೋರೈಡ್ ಮೂರರ ಪ್ರಯೋಗಾಲಯದ ವರದಿ ಬಾರದೆ ನಲ್ಲಿಯ ಸಂಪರ್ಕ ಕೊಡಬಾರದು, ಮತ್ತು ಆ ವರದಿಯನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಎಲ್ಲರೂ ಓದುವಂತೆ ಅಂಟಿಸಬೇಕು.